ಟ್ಯಾಂಕಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡುವುದು ಯಾಕೆ?

ಸ್ಕೂಬಾ ಡೈವಿಂಗ್ ಮಾಡುವವರ ಬೆನ್ನಿನ ಮೇಲಿರುವ ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕಿನೊಳಗೆ ಜಾಗ ಇರುವುದು ಬರೀ 11 ಲೀಟರ್. ಅದರಲ್ಲಿ ಸುಮಾರು 2,200 ಲೀಟರ್ ಗಾಳಿಯನ್ನು ಅಮುಕಿ ತುಂಬಿರುತ್ತಾರೆ. ಒತ್ತಡ 207 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು! ಟ್ಯಾಂಕ್ ಸಿಡಿಯುವ ಭಯ ಜಾಸ್ತಿ ಇರುವುದು ದಡದಲ್ಲಿ, ಗಾಳಿ ತುಂಬುವ ಹೊತ್ತಿನಲ್ಲಿ. ಪಕ್ಕದಲ್ಲಿ ನಿಂತವರ ಕೈಕಾಲು ಉಳಿಯುವುದು ಕಷ್ಟ.

ಅದಕ್ಕೇ ಅಮೆರಿಕದಲ್ಲಿ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಟ್ಯಾಂಕಿಗೆ ನೀರು ತುಂಬಿ, ನೀರೇ ತುಂಬಿದ ಇನ್ನೊಂದು ಗಟ್ಟಿ ಪಾತ್ರೆಯೊಳಗೆ ಇಳಿಸಿ, 207 ಬಾರ್‌ನ ಟ್ಯಾಂಕಿಗೆ ಸುಮಾರು 345 ಬಾರ್ ಒತ್ತಡ ಕೊಡುತ್ತಾರೆ. ಟ್ಯಾಂಕ್ ಹಿಗ್ಗುತ್ತದೆ, ಹಿಗ್ಗಿದಷ್ಟು ನೀರು ಹೊರಗಿನ ಪಾತ್ರೆಯಿಂದ ಅಳತೆಯ ಕೊಳವೆಗೆ ಏರುತ್ತದೆ. ಒತ್ತಡ ತೆಗೆದ ಮೇಲೆ ಅದು ಮೊದಲಿನ ಗಾತ್ರಕ್ಕೆ ಬರಬೇಕು. ಹಿಗ್ಗಿದ್ದರಲ್ಲಿ ಶೇ. 10ಕ್ಕಿಂತ ಜಾಸ್ತಿ ಹಾಗೇ ಉಳಿದುಬಿಟ್ಟರೆ ಟ್ಯಾಂಕ್ ಗುಜರಿಗೆ. ಗಾಳಿ ಬಿಟ್ಟು ನೀರೇ ಯಾಕೆ ಅಂದರೆ, ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಟ್ಯಾಂಕ್ ಒಡೆದರೂ ಒತ್ತಡ ತಕ್ಷಣ ಇಳಿದುಹೋಗುತ್ತದೆ.

ಪಾಸಾದ ಟ್ಯಾಂಕಿನ ಭುಜದ ಮೇಲೆ ಟೆಸ್ಟ್ ಆದ ತಿಂಗಳು, ವರ್ಷ, ಮಧ್ಯದಲ್ಲಿ ಟೆಸ್ಟ್ ಮಾಡಿದವರ ಗುರುತು ಒತ್ತುತ್ತಾರೆ. ನಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಮುಂದಿನ ಟೆಸ್ಟ್ ಯಾವಾಗ ಅಂತ ಎ, ಬಿ, ಸಿ, ಡಿ ಜೊತೆ ವರ್ಷ ಬರೆದಿರುತ್ತದಲ್ಲ, ಹೆಚ್ಚುಕಡಿಮೆ ಹಾಗೇ.

ಆದರೆ ಈ ಮುದ್ರೆಯೊಂದನ್ನೇ ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಹೈಡ್ರೋ ಟೆಸ್ಟ್ ನೋಡುವುದು ಲೋಹ ಒಟ್ಟಾರೆ ಹೇಗೆ ಹಿಗ್ಗಿ ಕುಗ್ಗುತ್ತದೆ ಎಂಬುದನ್ನು. ವಾಲ್ವ್ ತಿರುಗಿಸಿ ಕೂರಿಸುವ ಕತ್ತಿನ ಥ್ರೆಡ್‌ನಲ್ಲಿರುವ ಕೂದಲೆಳೆಯಂಥ ಬಿರುಕು ಅದರ ಕಣ್ಣು ತಪ್ಪಿಸಬಹುದು. 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಳೆಯ ಟ್ಯಾಂಕುಗಳ ಸಮಸ್ಯೆ ಇದೇ. ವರ್ಷಗಟ್ಟಲೆ ಒತ್ತಡದಲ್ಲಿದ್ದು ಕತ್ತಿನ ಒಳಗೆ ಬಿರುಕು ನಿಧಾನವಾಗಿ ಬೆಳೆಯುತ್ತದೆ, ಅಂಥ ಕೆಲವು ಟ್ಯಾಂಕುಗಳು ಸಿಡಿದದ್ದೂ ಇದೆ. ಟ್ಯಾಂಕ್ ತಯಾರಿಸುವ ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1988ರಲ್ಲಿ ಇದನ್ನು ಬಿಟ್ಟು 6061 ಎಂಬ ಇನ್ನೊಂದು ಮಿಶ್ರಲೋಹಕ್ಕೆ ಬದಲಾಯಿತು. ಹಳೆಯವುಗಳ ಕತ್ತಿಗೆ ಈಗ ಎಡ್ಡಿ ಕರೆಂಟ್ ಪರೀಕ್ಷೆಯೂ ಆಗಬೇಕು: ಥ್ರೆಡ್‌ನೊಳಗೆ ಒಂದು ತಂತಿಯ ಸುರುಳಿ ಇಳಿಸುತ್ತಾರೆ, ಅದು ಲೋಹದಲ್ಲಿ ಎಬ್ಬಿಸುವ ವಿದ್ಯುತ್ತಿಗೆ ಬಿರುಕು ಅಡ್ಡ ಬಂದರೆ ಮೀಟರ್ ಹೇಳಿಬಿಡುತ್ತದೆ.

ಇನ್ನು ವರ್ಷಕ್ಕೊಮ್ಮೆಯ ಒಳಗಿನ ತಪಾಸಣೆ. ಅಮೆರಿಕದಲ್ಲಿ ಇದನ್ನು ಕೇಳುವುದು ಕಾನೂನಲ್ಲ, ಗಾಳಿ ತುಂಬುವ ಅಂಗಡಿಯವರು. ವಾಲ್ವ್ ಬಿಚ್ಚಿ, ಸಣ್ಣ ದೀಪ ಒಳಗೆ ಬಿಟ್ಟು, ಕನ್ನಡಿ ಹಿಡಿದು ಥ್ರೆಡ್‌ನ ಒಂದೊಂದು ಸುತ್ತನ್ನೂ ನೋಡುತ್ತಾರೆ. ಸ್ಟೀಲ್ ಟ್ಯಾಂಕಾದರೆ ತುಕ್ಕು ಹುಡುಕುತ್ತಾರೆ. ತುಕ್ಕು ಗೋಡೆಯನ್ನು ತೆಳುವಾಗಿಸುವುದಷ್ಟೇ ಅಲ್ಲ, ಒಳಗಿನ ಆಮ್ಲಜನಕವನ್ನೂ ತಿನ್ನುತ್ತದೆ. ಉಪ್ಪುನೀರು ಸೇರಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಸ್ಟೀಲ್ ಟ್ಯಾಂಕಿನ ಗಾಳಿ ಕುಡಿದರೆ ಎಚ್ಚರ ತಪ್ಪಬಹುದು, ಮೀಟರ್ ಮಾತ್ರ ಫುಲ್ ತೋರಿಸುತ್ತಿರುತ್ತದೆ! ನೀರು ಒಳಗೆ ಹೋಗುವುದು ಹೇಗೆ ಅಂತೀರಾ? ನೀರಿನಡಿಯಲ್ಲಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿದರೆ ಸಾಕು. ಹಾಗಾಗಿ ಕೊನೆಗೆ ಸ್ವಲ್ಪ ಗಾಳಿ ಉಳಿಸಬೇಕು.

ಟ್ಯಾಂಕಿಗೆ ಚೆಂದದ ಬಣ್ಣ ಹೊಡೆಸಿ ಓವನ್‌ನಲ್ಲಿ ಒಣಗಿಸುವ ಶೋಕಿಯೂ ಬೇಡ. ಅಲ್ಯೂಮಿನಿಯಂ ಟ್ಯಾಂಕ್ 177 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದರೆ ಅದರ ಕಥೆ ಮುಗಿಯಿತು.

ನಮ್ಮಲ್ಲಿ ಗ್ಯಾಸ್ ಸಿಲಿಂಡರುಗಳ ನಿಯಮ ನೋಡಿಕೊಳ್ಳುವುದು ನಾಗಪುರದ ಪೆಸೊ ಸಂಸ್ಥೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಡೈವಿಂಗ್‌ಗೆ ಹೋಗುವವರು ಫೋಟೋಗೆ ನಿಲ್ಲುವ ಮೊದಲು ಟ್ಯಾಂಕಿನ ಭುಜ ಒಮ್ಮೆ ನೋಡಿ, ಒಳಗಿನ ತಪಾಸಣೆ ಯಾವಾಗ ಆಯ್ತು ಅಂತ ಕೇಳಿ. ಸರಿಯಾಗಿ ಇಟ್ಟುಕೊಂಡವರು ಕೇಳಿದ್ದಕ್ಕೆ ಮುಖ ಗಂಟಿಕ್ಕುವುದಿಲ್ಲ.