‘ರನ್’ ಪದದ 645 ಅರ್ಥಗಳನ್ನೂ ಬಾಯಿಪಾಠ ಮಾಡಬೇಕೇ?

ಪ್ರಶ್ನೆ: ಇಂಗ್ಲಿಷಿನ ‘ರನ್’ ಪದಕ್ಕೆ 645 ಅರ್ಥಗಳಿವೆಯಂತೆ. ಇಷ್ಟನ್ನೂ ಕಲಿಯದೆ ಇಂಗ್ಲಿಷ್ ಬರುವುದಿಲ್ಲವೇ? ಸುಲಭವಾದ ಪಟ್ಟಿ ಇದ್ದರೆ ತಿಳಿಸಿ.

ಪಟ್ಟಿ ಇಲ್ಲ. ಇದ್ದರೂ ಕೊಡುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಪದ ಮಾತ್ರ ಬದಲಾಗುತ್ತಿರುತ್ತದೆ: ಒಮ್ಮೆ ‘ಗೆಟ್’, ಒಮ್ಮೆ ‘ಸೆಟ್’, ಈ ಸಲ ‘ರನ್’.

645 ಎಂಬ ಸಂಖ್ಯೆ ಸುಳ್ಳಲ್ಲ. ಅದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿದಾಗ ಸಿಕ್ಕ ಲೆಕ್ಕ. ಪೀಟರ್ ಗಿಲಿವರ್ ಎಂಬ ಸಂಪಾದಕರು ಈ ಒಂದು ಪದದ ಮುಂದೆ ಒಂಬತ್ತು ತಿಂಗಳು ಕುಳಿತಿದ್ದರು. 1989ರ ಎರಡನೆಯ ಆವೃತ್ತಿಯಲ್ಲಿ 430 ಅರ್ಥಗಳೊಂದಿಗೆ ‘ಸೆಟ್’ ಮೊದಲ ಸ್ಥಾನದಲ್ಲಿತ್ತು. ಅದನ್ನು ‘ರನ್’ ಹಿಂದಿಕ್ಕಿತು. ರೈಲು, ಯಂತ್ರ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಇಂಗ್ಲಿಷಿನಲ್ಲಿ ‘ರನ್’ ಆಗುತ್ತವಲ್ಲ, ಪದ ಕೊಬ್ಬದೆ ಇನ್ನೇನಾದೀತು?

ಆದರೆ ಆ ನಿಘಂಟು ನಿಮಗಾಗಿ ಬರೆದದ್ದಲ್ಲ. ಅದು ಪದಗಳ ಚರಿತ್ರೆ. ಬಳಕೆ ತಪ್ಪಿ ಶತಮಾನಗಳಾದ ಅರ್ಥವನ್ನೂ ಅಲ್ಲಿ ಕೈಬಿಡುವುದಿಲ್ಲ, ಪಕ್ಕದಲ್ಲೊಂದು ಪುಟ್ಟ ಕಠಾರಿಯ ಗುರುತು ಹಾಕಿ ಇಟ್ಟಿರುತ್ತಾರೆ. ನೀರು ಹರಿಯುವುದು ಒಂದು ಅರ್ಥವಾದರೆ, ಆ ನೀರನ್ನು ಹರಿಸುವುದು ಇನ್ನೊಂದು. ಹೀಗೆ ಕೂದಲು ಸೀಳಿ ಎಣಿಸಿದರೆ ನಮ್ಮ ‘ಹಿಡಿ’ ಏನು ಕಡಿಮೆಯೇ? ಮೀನು ಹಿಡಿಯುತ್ತೇವೆ, ಬಸ್ ಹಿಡಿಯುತ್ತೇವೆ, ನಲ್ಲಿಯಲ್ಲಿ ನೀರು ಹಿಡಿಯುತ್ತೇವೆ, ಹಠ ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತಲೆಗೆ ಹುಚ್ಚು ಹಿಡಿಯುತ್ತದೆ. ಕೆಲಸ ಎರಡು ಗಂಟೆ ಹಿಡಿಯುತ್ತದೆ, ಕೊಡ ಹತ್ತು ಲೀಟರ್ ಹಿಡಿಯುತ್ತದೆ. ಮಳೆಯೂ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಇದರ ಪಟ್ಟಿಯನ್ನು ನಿಮಗೆ ಯಾವ ಮೇಷ್ಟರು ಕೊಟ್ಟಿದ್ದರು? ಇಂಗ್ಲಿಷಿನವರಿಗೂ ‘ರನ್’ ಪಟ್ಟಿಯನ್ನು ಯಾರೂ ಕೊಟ್ಟಿಲ್ಲ. ಒಂದು ಪದಕ್ಕೆ ಹತ್ತಾರು ಅರ್ಥ ಇರುವುದು ಇಂಗ್ಲಿಷಿನ ವಿಶೇಷ ಎಂಬ ಭ್ರಮೆ ಮಾತ್ರ ನಮ್ಮಲ್ಲಿ ಭದ್ರವಾಗಿ ಬೇರು ಬಿಟ್ಟಿದೆ.

ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ನನ್ನ ಬಳಿ ಪಾಠಕ್ಕೆ ಬರುತ್ತಿದ್ದ. ‘ರನ್’ಗಾಗಿಯೇ ಒಂದು ನೋಟ್‌ಬುಕ್ ಇಟ್ಟಿದ್ದ, ಎಡಕ್ಕೆ ಕ್ರಮಸಂಖ್ಯೆ, ಬಲಕ್ಕೆ ಕನ್ನಡ ಅರ್ಥ, ನಡುವೆ ಅಡ್ಡಪಟ್ಟಿ ಇಟ್ಟು ಎಳೆದ ಕೆಂಪು ಗೆರೆ. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎಂದರೇನಪ್ಪ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಹಾಲು ರನ್ ಔಟ್ ಆಗಿದೆ ಸರ್” ಎಂದ. ‘ಮುಗಿದುಹೋಗು’ ಎಂಬ ಅರ್ಥ ಅವನ ನೋಟ್‌ಬುಕ್ಕಿನಲ್ಲಿತ್ತು, ನಾನೇ ಪುಟ ತಿರುಗಿಸಿ ತೋರಿಸಿದೆ. ಪಟ್ಟಿಯಲ್ಲಿದ್ದ ಅರ್ಥ ಸಮಯಕ್ಕೆ ಒದಗಲಿಲ್ಲ, ಅಷ್ಟೆ. ಅದೇ ವಾಕ್ಯದ ಮುಂದೆ ‘ಅಂಗಡಿಗೆ ಹೋಗಿ ತೆಗೆದುಕೊಂಡು ಬಾ’ ಎಂದು ಸೇರಿಸಿದೆ. “ಓ, ಹಾಲು ಖಾಲಿ!” ಎಂದು ಕೂಗಿದ. ಅರ್ಥ ಬಂದದ್ದು ನೋಟ್‌ಬುಕ್ಕಿನಿಂದಲ್ಲ, ಅಂಗಡಿಯಿಂದ.

ಆದ್ದರಿಂದ ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ನೆಂಟರಿಷ್ಟರ ಸಮೇತ ಕಲಿಯಿರಿ. ‘ರನ್ ಔಟ್ ಆಫ್’ ಎಂದರೆ ಮುಗಿಯುವುದು, ‘ರನ್ ಇಂಟು’ ಎಂದರೆ ಆಕಸ್ಮಿಕವಾಗಿ ಎದುರಾಗುವುದು, ‘ರನ್ ಓವರ್’ ಎಂದರೆ ವಾಹನ ಮೈಮೇಲೆ ಹರಿಯುವುದು. ಬಹುಪಾಲು ಬಳಕೆಗಳ ತಳದಲ್ಲಿ ತಡೆಯಿಲ್ಲದೆ ಸಾಗುವ ಚಿತ್ರವೊಂದಿದೆ. ಅದು ಮನಸ್ಸಿನಲ್ಲಿದ್ದರೆ ನದಿ, ರಸ್ತೆ, ಯಂತ್ರ, ಎರಡು ವರ್ಷದ ಕರಾರು ಎಲ್ಲವೂ ಏಕೆ ‘ರನ್’ ಆಗುತ್ತವೆ ಎಂಬುದು ತಾನೇ ಹೊಳೆಯುತ್ತದೆ. ಕ್ರಿಕೆಟ್ಟನ್ನೇ ನೋಡಿ. ಚೆಂಡು ಬೌಂಡರಿ ದಾಟಿದರೆ ಬ್ಯಾಟರ್ ಓಡಬೇಕಾಗಿಲ್ಲ, ಆದರೂ ನಾಲ್ಕು ‘ರನ್’. ಓಟದಿಂದ ಹುಟ್ಟಿದ ಪದ ಓಟವನ್ನೇ ಮರೆತು ಅಂಕವಾಗಿದೆ. ಇದನ್ನು ಒಂದನೆಯ ತರಗತಿಯ ಮಗುವೂ ಕೇಳದೆ ಒಪ್ಪಿಕೊಂಡಿದೆ.

ಅಂಕ ಕಳೆಯುವ ತಪ್ಪು ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ‘ರನ್’ನ ಭೂತಕಾಲ ‘ರ‍್ಯಾನ್’. ‘ಹ್ಯಾವ್’ ಜೊತೆಗೆ ಬಂದಾಗ ಮತ್ತೆ ‘ರನ್’. ‘ಹ್ಯಾವ್ ರ‍್ಯಾನ್’ ಎಂದು ಬರೆದ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನುಗಳು ಸವೆದಿವೆ.

ಇನ್ನು ನೀವು ಕೇಳದ ಒಂದು ವಿಷಯ. ಒಂದೇ ಕೆಲಸಕ್ಕೆ ಭಾಷೆಗಳು ಬೇರೆ ಬೇರೆ ವೇಗ ಗೊತ್ತುಮಾಡಿಕೊಂಡಿವೆ. ಇಂಗ್ಲಿಷಿನಲ್ಲಿ ಅಂಗಡಿಯನ್ನು ‘ರನ್’ ಮಾಡುತ್ತಾರೆ, ಅಂದರೆ ಓಡಿಸುತ್ತಾರೆ, ನಾವು ನಡೆಸುತ್ತೇವೆ. ನೆಗಡಿಯಾದಾಗ ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಗಡಿಯಾರ, ಸಿನಿಮಾ ಮಾತ್ರ ಇಬ್ಬರಲ್ಲೂ ಓಡುತ್ತವೆ. ಚುನಾವಣೆಯದು ಇನ್ನೂ ಸೊಗಸು. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ಅಲ್ಲಿ ಬಳಸುವ ಪದ ‘ರನ್’. ಬ್ರಿಟನ್ನಿನವರು ‘ಸ್ಟ್ಯಾಂಡ್’ ಎನ್ನುತ್ತಾರೆ, ನಮ್ಮ ಹಾಗೆಯೇ ನಿಲ್ಲುತ್ತಾರೆ. ನಮ್ಮವರು ಓಡುವುದು ಟಿಕೆಟ್ ಕೈತಪ್ಪಿದಾಗ, ಪಕ್ಕದ ಪಕ್ಷದ ಕಚೇರಿಗೆ.