ವಿಲ್ ಬರೆಯುವ ಮೊದಲು ಪಹಣಿ ತೆಗೆಸಿ

ವಿಲ್ ಮಾಡಿಸಲು ಬರುವವರು ಮನಸ್ಸಿನಲ್ಲೇ ಎಲ್ಲವನ್ನೂ ಹಂಚಿಕೊಂಡು ಬಂದಿರುತ್ತಾರೆ. ‘ತೋಟ ದೊಡ್ಡವನಿಗೆ, ಬೆಟ್ಟ ಸಣ್ಣವನಿಗೆ, ಮನೆ ಇಬ್ಬರಿಗೂ. ಇಷ್ಟು ಬರೆದುಕೊಡಿ ವಕೀಲರೇ’ ಅನ್ನುತ್ತಾರೆ. ನಾನು ಮೊದಲು ಪಹಣಿ, ಅಂದರೆ ಜಮೀನಿನ ಕಂದಾಯ ದಾಖಲೆ, ಕೇಳುತ್ತೇನೆ. ನಮ್ಮ ಶಿರಸಿ, ಸಿದ್ದಾಪುರ, ಕುಮಟಾ ಕಡೆ ಒಂದೇ ಮನೆಯವರ ಕೈಯಲ್ಲಿ ಬೇರೆ ಬೇರೆ ಬಗೆಯ ಜಮೀನು ಇರುತ್ತದೆ. ಎಲ್ಲವನ್ನೂ ವಿಲ್‌ನಲ್ಲಿ ಕೊಡಲು ಬರುವುದಿಲ್ಲ.

ಸೊಪ್ಪಿನ ಬೆಟ್ಟವನ್ನೇ ನೋಡಿ. ಆ ನೆಲ ಸರ್ಕಾರದ್ದು. ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಮಾತ್ರ ನಿಮ್ಮದು, ಅದೂ ಅಡಿಕೆ ತೋಟ ಇದೆ ಎಂಬ ಕಾರಣಕ್ಕೆ. ತೋಟ ಒಬ್ಬನಿಗೆ, ಬೆಟ್ಟ ಇನ್ನೊಬ್ಬನಿಗೆ ಎಂದು ಬರೆದರೆ ಅಣ್ಣ ತಮ್ಮಂದಿರಿಗೆ ಜಗಳ ಬರೆದುಕೊಟ್ಟ ಹಾಗೆ.

ತೋಟದ ಕಥೆಯೂ ಸುಲಭವಲ್ಲ. ನೀವೇ ದುಡಿದು ಕೊಂಡಿದ್ದರೆ ಯಾರಿಗೆ ಬೇಕಾದರೂ ಬರೆಯಬಹುದು. ಅವಿಭಕ್ತ ಕುಟುಂಬದ್ದಾದರೆ ನಿಮ್ಮ ಪಾಲಿನಷ್ಟೇ ಬರೆಯಬಹುದು. ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಇದನ್ನು ಕೊಟ್ಟಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇನ್ನು ಕರಾವಳಿಯಲ್ಲಿ 1974ರ ಭೂಸುಧಾರಣೆಯಲ್ಲಿ ಬಂದ ಗೇಣಿ ಗದ್ದೆಗಳು ಬಹಳ. ಹಿರಿಯಣ್ಣನ ಹೆಸರಿಗೆ ಆದೇಶ ಆಗಿರುತ್ತದೆ, ಆದರೆ ಗೇಣಿ ಮಾಡಿದ್ದು ಇಡೀ ಮನೆ. ಅಂಥ ಗದ್ದೆ ಅಣ್ಣನೊಬ್ಬನದಾಗುವುದಿಲ್ಲ. ಪಹಣಿಯಲ್ಲಿ ಒಂದೇ ಹೆಸರಿದೆ ಎಂದು ನಂಬಿ ವಿಲ್ ಬರೆದರೆ ತಮ್ಮಂದಿರ ಮಕ್ಕಳು ಕೋರ್ಟಿಗೆ ಬರುತ್ತಾರೆ.

ಅರಣ್ಯ ಅತಿಕ್ರಮಣ ಜಾಗದ ಬಗ್ಗೆ ಕೇಳುವವರೂ ಜಾಸ್ತಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ವಾರಸುದಾರರಿಗೆ ಹೋಗುತ್ತದೆ, ಯಾರಿಗೂ ಮಾರಲು ಬರುವುದಿಲ್ಲ. ಅರ್ಜಿ ಇನ್ನೂ ಬಾಕಿ ಇದ್ದರೆ ವಿಲ್ ಬರೆದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಅರ್ಜಿಯ ಪ್ರತಿ, ಜಿಪಿಎಸ್ ಸರ್ವೆಯ ಕಾಗದ ಜೋಪಾನ ಮಾಡಿ ಮಕ್ಕಳಿಗೆ ತೋರಿಸಿಡಿ.

ಮುಂಬೈಯಲ್ಲಿರುವ ಮಕ್ಕಳು ‘ಪ್ರೊಬೇಟ್ ಬೇಕಾ?’ ಎಂದೇ ಮೊದಲು ಕೇಳುತ್ತಾರೆ. ವಿಲ್ ನಿಜವಾದದ್ದು ಎಂದು ಕೋರ್ಟು ಕೊಡುವ ಪ್ರಮಾಣಕ್ಕೆ ಆ ಹೆಸರು. ಅಲ್ಲಿ ಅದು ಬಹುಕಾಲ ಕಡ್ಡಾಯವಿತ್ತು. ನಮ್ಮ ಜಿಲ್ಲೆಯ ಆಸ್ತಿಗೆ ಇಲ್ಲಿನ ಹಿಂದೂಗಳು ಬರೆದ ವಿಲ್‌ಗೆ ಕಡ್ಡಾಯವಲ್ಲ. ಆದರೆ ತಕರಾರು ಬಂದರೆ ವಿಲ್ ಸಾಬೀತು ಮಾಡಲೇಬೇಕು. ಅದಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಎಂಬತ್ತರ ಅಜ್ಜನ ವಿಲ್‌ಗೆ ಎಂಬತ್ತರ ಗೆಳೆಯರೇ ಸಾಕ್ಷಿಯಾದರೆ ಹೇಗೆ? ವಯಸ್ಸಿನಲ್ಲಿ ಚಿಕ್ಕವರನ್ನು, ಆಸ್ತಿ ಪಡೆಯದವರನ್ನು ಆರಿಸಿ. ಕ್ರೈಸ್ತರಲ್ಲಂತೂ ಸಾಕ್ಷಿ ಹಾಕಿದವರಿಗೆ ಬರೆದ ಆಸ್ತಿ ಅವರಿಗೆ ದಕ್ಕುವುದಿಲ್ಲ. ಭಟ್ಕಳದ ಮುಸ್ಲಿಂ ಕುಟುಂಬಗಳಿಗೆ ನಿಯಮವೇ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿಲ್ ಬರೆಯುವಂತಿಲ್ಲ. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ ಎಂದೇ ನಾನು ಹೇಳುವುದು, ಖರ್ಚು ಕಡಿಮೆ.

ವಿಲ್ ಇಲ್ಲದೆ ತಂದೆ ತೀರಿಕೊಂಡರೆ ಹಿಂದೂಗಳಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ ಸಮಪಾಲಿಗೆ ಬರುತ್ತಾರೆ. ಆದರೆ ನಡೆಯುವುದೇ ಬೇರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸುತ್ತಾರೆ. ಇಲ್ಲವೇ ಹನ್ನೆರಡನೇ ದಿನದ ಊಟಕ್ಕೆ ಬಂದ ಅಕ್ಕ ತಂಗಿಯರ ಮುಂದೆ ಕಾಗದ ಹಿಡಿದು ‘ಸುಮ್ನೆ ಒಂದು ಸಹಿ’ ಅನ್ನುತ್ತಾರೆ. ತಂಗೀ, ಓದದೆ ಸಹಿ ಹಾಕಬೇಡ. ಪೌತಿ ಖಾತೆ ಕಂದಾಯದ ದಾಖಲೆ ಅಷ್ಟೇ, ಅದರಲ್ಲಿ ಹೆಸರಿಲ್ಲ ಎಂದು ನಿನ್ನ ಹಕ್ಕು ಹೋಗುವುದಿಲ್ಲ.

ಇನ್ನು ಆಯಿ. ‘ಮಕ್ಕಳು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಹಳೆಯ ಮೃತ್ಯುಪತ್ರಗಳಲ್ಲಿ (ವಿಲ್‌ಗಳಲ್ಲಿ) ಸಾಮಾನ್ಯ. ಆ ಸಾಲಿನಿಂದ ಆಯಿಗೆ ಒಂದು ಕೋಣೆಯೂ ಖಾತ್ರಿಯಾಗುವುದಿಲ್ಲ. ಮನೆಯನ್ನೇ ಅವರ ಹೆಸರಿಗೆ ಬರೆಯಿರಿ. ಅದು ಆಗದಿದ್ದರೆ ಅವರು ಬದುಕಿರುವ ತನಕ ಯಾವ ಮನೆಯಲ್ಲಿ ಇರುತ್ತಾರೆ, ತೋಟದ ಉತ್ಪನ್ನದಲ್ಲಿ ವರ್ಷಕ್ಕೆ ಎಷ್ಟು ಪಾಲು, ಅದನ್ನು ಯಾರು ಕೊಡಬೇಕು, ಅವರ ನಂತರ ಮನೆ ಯಾರಿಗೆ ಎಂದು ಬಿಡಿಸಿ ಬರೆಯಿರಿ.