ಏಳನೆಯ ದಿನದ ಮಳೆಗೆ ಗಂಟೆಯ ಲೆಕ್ಕವಿಲ್ಲ

ಮುಂದಿನ ವಾರದ ಹವಾಮಾನದ ಮುನ್ನೋಟವನ್ನು ನಾನು ಬರೆದು ಮುಗಿಸುವುದೇ ತಡ, ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಬರುವ ಶನಿವಾರ ಸಂಜೆ ನಾಲ್ಕಕ್ಕೆ ಮಳೆ ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡಿ.’ ಕೇಳುವವರ ಆತಂಕ ನನಗೆ ಅರ್ಥವಾಗುತ್ತದೆ. ಬಯಲಿನಲ್ಲಿ ಸಮಾರಂಭ ಇಟ್ಟುಕೊಂಡವರೂ ಕೊಯ್ಲಿಗೆ ಕಾದು ನಿಂತವರೂ ಕಾಲ ಕಳೆಯಲೆಂದು ಕೇಳುವುದಿಲ್ಲ. ಆದರೆ ಆರೇಳು ದಿನಗಳಾಚೆಯ ಒಂದು ಗಂಟೆಯ ಮಳೆಯನ್ನು ಖಚಿತವಾಗಿ ಹೇಳುವ ಶಕ್ತಿ ನನ್ನಂಥ ಹವ್ಯಾಸಿಗಿರಲಿ, ದೊಡ್ಡ ಹವಾಮಾನ ಕೇಂದ್ರಗಳಿಗೂ ಇಲ್ಲ. ಮೊಬೈಲಿನ ಆ್ಯಪ್ ಮಾತ್ರ ನಾಳೆಯ ದಿನಕ್ಕೂ ಏಳನೆಯ ದಿನಕ್ಕೂ ಒಂದೇ ಬಗೆಯ ಮೋಡದ ಚಿತ್ರವನ್ನು ತೋರಿಸುವುದರಿಂದ, ಎರಡನ್ನೂ ಒಂದೇ ಸಮನಾಗಿ ನಂಬಬಹುದೆಂದು ಜನ ತಿಳಿಯುತ್ತಾರೆ.

ಹಾಗೆ ನಂಬಲಾಗದು. ಯಾವ ಮುನ್ಸೂಚನೆಯೂ ಈ ಹೊತ್ತಿನ ವಾತಾವರಣದ ಸ್ಥಿತಿಯಿಂದ ಹೊರಡುತ್ತದೆ. ಆ ಸ್ಥಿತಿಯನ್ನು ಉಪಗ್ರಹ, ಬಲೂನು, ಹಡಗು, ವಿಮಾನಗಳಿಂದ ಎಷ್ಟೇ ಅಳೆದರೂ ಸಣ್ಣ ಕೊರತೆಗಳು ಉಳಿದೇ ಉಳಿಯುತ್ತವೆ, ಮತ್ತು ಅವು ದಿನದಿಂದ ದಿನಕ್ಕೆ ಬೆಳೆಯುತ್ತವೆ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಹವಾಮಾನದ ಬಗೆಗಿನ ತಮ್ಮ ಗಣಕದ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಆರಂಭಿಸುವಾಗ 0.506127ರ ಬದಲು, ಹಾಳೆಯಲ್ಲಿ ಮುದ್ರಿತವಾಗಿದ್ದ 0.506 ಎಂಬ ಸಂಖ್ಯೆಯನ್ನು ಕೊಟ್ಟರು. ಮೊದಮೊದಲು ಹಳೆಯ ಲೆಕ್ಕದ ಜೊತೆಗೇ ಸಾಗಿದ ಹೊಸ ಲೆಕ್ಕ ಬರಬರುತ್ತಾ ಅದರಿಂದ ಪೂರ್ತಿ ಬೇರೆಯಾಯಿತು.

ಈ ಕಾರಣಕ್ಕೇ ಇಂದು ದೊಡ್ಡ ಕೇಂದ್ರಗಳು ಒಂದೇ ಲೆಕ್ಕವನ್ನು ನೆಚ್ಚುವುದಿಲ್ಲ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವು 1992ರಲ್ಲಿ ಆರಂಭಿಸಿದ ಪದ್ಧತಿಯಲ್ಲಿ, ಆರಂಭದ ಸ್ಥಿತಿಯನ್ನು ತುಸುತುಸುವೇ ಬದಲಿಸಿದ 50 ಲೆಕ್ಕಗಳು ಈಗ ಒಟ್ಟಿಗೆ ನಡೆಯುತ್ತವೆ. ನಾನು ವಾರದ ಮುನ್ನೋಟಕ್ಕೆ ಮೊದಲು ನೋಡುವುದು ಈ ಲೆಕ್ಕಗಳ ನಡುವಿನ ಅಂತರವನ್ನು. ಎರಡನೆಯ ದಿನ ಅವು ಸಾಮಾನ್ಯವಾಗಿ ಹತ್ತಿರ ಹತ್ತಿರ ಇರುತ್ತವೆ. ಏಳನೆಯ ದಿನದ ಹೊತ್ತಿಗೆ ಒಂದು ಲೆಕ್ಕ ಬಿಸಿಲು ತೋರಿಸಿದರೆ ಇನ್ನೊಂದು ದಿನವಿಡೀ ಮಳೆ ತೋರಿಸಬಹುದು. ಐವತ್ತರಲ್ಲಿ ಇಪ್ಪತ್ತು ಲೆಕ್ಕಗಳು ಮಳೆ ಎಂದರೆ, ಮಳೆಯ ಸಂಭವ ಸ್ಥೂಲವಾಗಿ ಶೇ. 40. ಇದು ಕಚ್ಚಾ ಅಂಕಿ. ಹಿಂದಿನ ದಾಖಲೆಗಳೊಂದಿಗೆ ತಾಳೆ ನೋಡಿ ತಿದ್ದಿದ ಮೇಲೆಯೇ ಬಳಸತಕ್ಕದ್ದು.

ಈ ಶೇ. 40 ಎಂಬುದನ್ನು ಎಷ್ಟು ಸಲ ವಿವರಿಸಿದರೂ ಸಾಲದು. ದಿನದ ಶೇ. 40ರಷ್ಟು ಹೊತ್ತು ಮಳೆ ಸುರಿಯುತ್ತದೆ ಎಂದು ಇದರ ಅರ್ಥವಲ್ಲ. ಮಳೆ ಜೋರಾಗಿರುವುದಿಲ್ಲ, ತುಂತುರು ಮಾತ್ರ ಎಂದೂ ಅಲ್ಲ. ಇಂಥದೇ ಮುನ್ಸೂಚನೆ ಕೊಟ್ಟ ಹತ್ತು ದಿನಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಸುಮಾರು ನಾಲ್ಕು ದಿನ ನಿಮ್ಮ ಜಾಗದಲ್ಲಿ ಮಳೆಯಾಗಬೇಕು, ಆರು ದಿನ ಆಗಬಾರದು, ಅಷ್ಟೆ. ಆ ನಾಲ್ಕರಲ್ಲಿ ಒಂದು ದಿನ ಧಾರಾಕಾರವಾಗಿಯೇ ಸುರಿಯಬಹುದು. ಹಾಗೆ ಸುರಿದಾಗ ‘ಶೇ. 40 ಎಂದಿದ್ದಿರಲ್ಲ, ಸುಳ್ಳಾಯಿತು’ ಎನ್ನುವವರಿಗೆ ನಾನು ಇಷ್ಟನ್ನೂ ಮತ್ತೆ ಮೊದಲಿನಿಂದ ಹೇಳುತ್ತೇನೆ. ಬೇಸರವಾಗುವುದು ನಿಜ, ಆದರೆ ಹೇಳದೆ ಬೇರೆ ದಾರಿಯಿಲ್ಲ.

ಬಯಲಿನಲ್ಲಿ ಸಭೆ ಏರ್ಪಡಿಸಿದ್ದ ಹಿರಿಯರೊಬ್ಬರು ವಾರಕ್ಕೆ ಮೊದಲೇ ಆ್ಯಪ್ ನೋಡತೊಡಗಿ, ಬೆಳಿಗ್ಗೆ ಮೋಡ ಕಂಡರೆ ದಿನ ಮುಂದೂಡುವುದು, ಸಂಜೆ ಸೂರ್ಯ ಕಂಡರೆ ಹಳೆಯ ದಿನಕ್ಕೇ ಮರಳುವುದು ಎಂದು ತಾವೂ ದಣಿದು, ಬರುವವರನ್ನೂ ದಣಿಸಿದ್ದರು. ‘ಸರ್, ಚಿತ್ರ ಬದಲಾದರೆ ಹವಾಮಾನ ಬದಲಾಯಿತು ಎಂದಲ್ಲ, ಲೆಕ್ಕ ಇನ್ನೂ ನೆಲೆ ನಿಂತಿಲ್ಲ ಎಂದರ್ಥ’ ಎಂದು ತಿಳಿಸಿದೆ. ದಿನ ಬದಲಿಸುವುದರ ಬದಲು ಚಾವಣಿಯಿರುವ ಜಾಗವೊಂದನ್ನು ಗೊತ್ತುಮಾಡಿಕೊಳ್ಳಿ ಎಂದಾಗ ಅವರು ಒಪ್ಪಿದರು.

ವಾರದಾಚೆಗೂ ಒಂದಿಷ್ಟು ಹೇಳಬಹುದು ಎಂಬುದನ್ನು ಮರೆಯಬಾರದು. ಸಾವಿರಾರು ಕಿಲೋಮೀಟರ್ ಹರಡುವ ವಾಯುಭಾರ ಕುಸಿತವು ಹಲವು ದಿನ ಬಾಳುವುದರಿಂದ ಅದರ ಸೂಚನೆ ಮೊದಲೇ ಸಿಗುತ್ತದೆ. ಕೆಲವೇ ಕಿಲೋಮೀಟರ್ ಅಗಲದ, ಒಂದು ಗಂಟೆಯೊಳಗೆ ಹುಟ್ಟಿ ಕರಗಬಹುದಾದ ಗುಡುಗು ಮಳೆಯ ಮೋಡ ಯಾವ ಬೀದಿಯ ಮೇಲೆ ನಿಲ್ಲುತ್ತದೆಂದು ಹಿಂದಿನ ದಿನವೂ ಹೇಳುವುದು ಕಷ್ಟ. ಆದ್ದರಿಂದ ನನ್ನ ಮುನ್ನೋಟದಲ್ಲಿ ಮೊದಲ ಮೂರು ದಿನಗಳಿಗೆ ಬೆಳಿಗ್ಗೆ, ಸಂಜೆ ಎಂಬ ವಿವರವಿರುತ್ತದೆ. ಕೊನೆಯ ದಿನಗಳಿಗೆ ವಾಡಿಕೆಗಿಂತ ಬಿಸಿಯೋ ತಂಪೋ, ಮಳೆಯ ಕಡೆಗೆ ಒಲವಿದೆಯೋ ಇಲ್ಲವೋ ಎಂಬುದಷ್ಟೇ ಇರುತ್ತದೆ. ಶನಿವಾರದ ಕೆಲಸವಿದ್ದವರು ಬುಧವಾರ ಒಮ್ಮೆ, ಶುಕ್ರವಾರ ಸಂಜೆ ಇನ್ನೊಮ್ಮೆ ಮುನ್ಸೂಚನೆಯನ್ನು ನೋಡಲಿ, ಶನಿವಾರದಂದು ಮಳೆಮೋಡಗಳನ್ನು ತೋರಿಸುವ ರೇಡಾರ್ ಚಿತ್ರವನ್ನು ಗಮನಿಸಲಿ. ಬಿರುಗಾಳಿ, ಸಿಡಿಲು, ಪ್ರವಾಹದ ವಿಷಯದಲ್ಲಿ ಮಾತ್ರ ನನ್ನ ಬರಹವನ್ನು ಬದಿಗಿಟ್ಟು, ಅಧಿಕೃತ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ ಪಾಲಿಸಬೇಕು.